ಗಾಡಿಯ ದೀಪ ಯಾರ ಜೊತೆ ಮಾತಾಡುತ್ತದೆ? ವಾಹನದೊಳಗಿನ ದೋಷ-ಮಾಹಿತಿ ಮತ್ತು ಮಾಲೀಕನ ಹಕ್ಕು: ಗಡಿಭಾಗದಿಂದ ಒಂದು ಚಾರಿತ್ರಿಕ ನೋಟ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಪೀಠಿಕೆ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ನಡುವೆ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ಬರೆಯಿರಿ.

ಇತಿಹಾಸದ ಸಂಕಿರಣದಲ್ಲಿ ಗ್ಯಾರೇಜಿನ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಗಡಿಭಾಗದ ಚರಿತ್ರೆ ಅಂದ ತಕ್ಷಣ 1956ರ ರಾಜ್ಯ ಪುನರ್ವಿಂಗಡಣೆ, ಮಹಾಜನ ಆಯೋಗ, ಶಾಲೆಯ ಮಾಧ್ಯಮ, ಇಷ್ಟಕ್ಕೇ ಬಂದು ನಿಲ್ಲುತ್ತೇವೆ. ಅದು ತಪ್ಪಲ್ಲ. ಆದರೆ ಗಡಿಭಾಗದ ಜನ ದಿನಾ ಮಾಡುವ ಕೆಲಸಕ್ಕೂ ಒಂದು ಚರಿತ್ರೆ ಇರುತ್ತದೆ. ಇವತ್ತು ನಾನು ಮಾತಾಡಲು ಹೊರಟಿರುವುದು ಅಂಥ ಒಂದು ಕೆಲಸದ ಬಗ್ಗೆ, ಅಂದರೆ ಗಾಡಿ ರಿಪೇರಿ. ಅದರಲ್ಲೂ ಒಂದೇ ಒಂದು ಪ್ರಶ್ನೆ: ಗಾಡಿಯೊಳಗೆ ಕೂತಿರುವ ಕಂಪ್ಯೂಟರಿಗೆ ಗೊತ್ತಿರುವ ಸಂಗತಿಯನ್ನು ತಿಳಿದುಕೊಳ್ಳುವ ಹಕ್ಕು ಗಾಡಿಯ ಮಾಲೀಕನಿಗೆ ಇದೆಯೋ ಇಲ್ಲವೋ? ಇದ್ದರೆ ಅದು ಯಾವಾಗ ಬಂತು, ಯಾವ ದಾರಿಯಿಂದ ಬಂತು?

ಮಹಾಗಾಂವದ ಒಂದು ಗ್ಯಾರೇಜು

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿ ಮಹಾಗಾಂವ ಇದೆ. ತಾಲೂಕಿನ ಪೂರ್ವಕ್ಕೆ ಹೋದರೆ ಹಿರಣ್ಯಕೇಶಿ ನದಿಯ ಗುಂಟ ಸಂಕೇಶ್ವರ, ಅದು ಬೆಳಗಾವಿ ಜಿಲ್ಲೆ, ಕರ್ನಾಟಕ. ಕಬ್ಬಿನ ಸೀಮೆ. ಹರಳಿಯಲ್ಲಿ ಒಂದು ಸಕ್ಕರೆ ಕಾರ್ಖಾನೆ, ಸಂಕೇಶ್ವರದಲ್ಲಿ ಒಂದು. ಹಂಗಾಮು ಶುರುವಾದರೆ ಟ್ರ್ಯಾಕ್ಟರು, ಟ್ರಕ್ಕು, ಪಿಕಪ್ಪು ರಾತ್ರಿ ಹಗಲು ಓಡುತ್ತವೆ. ಗ್ಯಾರೇಜಿನ ಮುಂದೆ ಎಂಎಚ್ 09 ನಂಬರಿನ ಕೊಲ್ಹಾಪುರದ ಗಾಡಿಯ ಪಕ್ಕದಲ್ಲೇ ಕೆಎ 22, ಕೆಎ 23 ನಂಬರಿನ ಬೆಳಗಾವಿ, ಚಿಕ್ಕೋಡಿ ಗಾಡಿ ನಿಂತಿರುತ್ತದೆ. ಒಳಗೆ ಮಾತು ಅರ್ಧ ಮರಾಠಿ, ಅರ್ಧ ಕನ್ನಡ.

ಅಲ್ಲಿ ನನಗೆ ಪರಿಚಯದ ಒಬ್ಬ ಫಿಟರ್ ಇದ್ದಾರೆ. ನಮ್ಮ ಕಡೆ ಮೆಕ್ಯಾನಿಕ್ಕಿಗೆ ಫಿಟರ್ ಅಂತಲೇ ಹೆಚ್ಚು ಕರೆಯುವುದು. ವಯಸ್ಸಿನಲ್ಲಿ ಹಿರಿಯರು, ನಾವು ಕಾಕಾ ಅನ್ನುತ್ತೇವೆ. ಹೆಸರು ಹೇಳುವುದು ಬೇಡ ಅಂದಿದ್ದಾರೆ. ಒಂದು ದಿನ ನಾನಲ್ಲಿ ಕೂತಿದ್ದಾಗ ಪಿಕಪ್ ಗಾಡಿಯ ಹುಡುಗನೊಬ್ಬ ಬಂದ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. ಅದಕ್ಕೂ ಮೊದಲು ಅವನು ಗಾಡಿಯನ್ನು ದೂರದ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದಿದ್ದ. ಎರಡು ದಿನ ಗಾಡಿ ಅಲ್ಲೇ ನಿಂತಿತ್ತು. ಏನೋ ಒಂದು ಭಾಗ ಬದಲಿಸಿದರು, ಬಿಲ್ಲು ಕೊಟ್ಟರು. ನಾಲ್ಕು ದಿನಕ್ಕೆ ದೀಪ ಮತ್ತೆ ಹತ್ತಿತು.

"ಏನ್ ಆಗೇತಂತ ಹೇಳಿದ್ರೇನೋ ತಮ್ಮಾ?" ಕಾಕಾ ಕೇಳಿದರು.

"ಇಲ್ರಿ ಕಾಕಾ. ಕಂಪ್ಯೂಟರ್ ಹಚ್ಚಿದ್ರು, ರೊಕ್ಕ ತಗೊಂಡ್ರು. ಸ್ಕ್ರೀನ್ ತೋರಸ್ರಿ ಅಂದ್ರ, ಅದು ಕಸ್ಟಮರ್‌ಗೆ ತೋರ್ಸೂದಲ್ಲ ಅಂದ್ರು."

ಕಾಕಾ ಸ್ಟಿಯರಿಂಗಿನ ಕೆಳಗೆ ಕೈಹಾಕಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಲೂಟೂತ್ ಸಾಧನ ಸಿಕ್ಕಿಸಿದರು. ಕೆಲವು ನೂರು ರೂಪಾಯಿಗೆ ಸಿಗುವ ವಸ್ತು. ಮೊಬೈಲಿನಲ್ಲಿ ಬಂದದ್ದು ಪಿ0113. ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ವಾಯರಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಅರ್ಥ. ಸಾಮಾನ್ಯವಾಗಿ ವಾಯರು ಕಡಿದಾಗ ಹಾಗಾಗುತ್ತದೆ. ಬಾನೆಟ್ ತೆಗೆದು ನೋಡಿದರೆ ಇಲಿ ಕಡಿದಿತ್ತು. ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸುವ ಗಾಡಿ, ಇಲಿ ಹೊಸದಲ್ಲ. ಬೆಸುಗೆ ಹಾಕಿ, ಟೇಪ್ ಸುತ್ತಿ, ಕೋಡ್ ಅಳಿಸಿದರು.

ಈ ಘಟನೆ ಹೇಳಿದ್ದು ದೊಡ್ಡ ಸರ್ವಿಸ್ ಸೆಂಟರುಗಳೆಲ್ಲ ಕೆಟ್ಟವು, ಊರ ಫಿಟರ್ ಎಲ್ಲ ಬಲ್ಲವ ಅಂತ ತೋರಿಸಲು ಅಲ್ಲ. ಅದೇ ಕಾಕಾ ಮುಂದಿನ ವಾರ ಇನ್ನೊಂದು ಹೊಸ ಡೀಸೆಲ್ ಗಾಡಿಯ ಮುಂದೆ ಕೈಚೆಲ್ಲಿ ಕೂತದ್ದನ್ನೂ ನೋಡಿದ್ದೇನೆ. ನನಗೆ ಮುಖ್ಯವಾದದ್ದು ಆ ಹುಡುಗನ ಮಾತು. ದುಡ್ಡು ಕೊಟ್ಟು ಕೊಂಡ ಗಾಡಿ, ಅದರೊಳಗಿನ ಮಾಹಿತಿ ಅವನದೇ ಗಾಡಿಯ ಮಾಹಿತಿ. ಆದರೂ "ತೋರ್ಸೂದಲ್ಲ".

ಕಿವಿಯ ಕಾಲ

ಈ "ತೋರ್ಸೂದಲ್ಲ" ಎಂಬುದಕ್ಕೆ ಬಹಳ ವಯಸ್ಸಾಗಿಲ್ಲ. ಅಂಬಾಸಿಡರ್, ಫಿಯಟ್, ಮಹೀಂದ್ರಾ ಜೀಪುಗಳ ಕಾಲದಲ್ಲಿ ಬಚ್ಚಿಡುವಂಥ ಮಾಹಿತಿಯೇ ಗಾಡಿಯಲ್ಲಿ ಇರಲಿಲ್ಲ. ರೋಗ ಹೊರಗೇ ಕಾಣುತ್ತಿತ್ತು. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಇಂಧನ ಜಾಸ್ತಿ, ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಹೋಗುತ್ತಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುತ್ತಿದ್ದರು. ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿ ಎಂಜಿನ್ನಿನ ಮೇಲೆ, ಹಿಡಿಕೆ ಕಿವಿಗೆ. ಬೇರಿಂಗ್ ಸದ್ದು ಕೇಳಿ ಹೇಳುತ್ತಿದ್ದರು. ಆ ವಿದ್ಯೆ ಕಲಿಯಲು ವರ್ಷಗಟ್ಟಲೆ ಬೇಕಿತ್ತು, ಕಂಪನಿಯ ಪರವಾನಗಿ ಬೇಕಿರಲಿಲ್ಲ.

ಈ ಸೀಮೆಯಲ್ಲಿ ಆ ವಿದ್ಯೆಗೆ ಒಂದು ಹಿನ್ನೆಲೆ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಶುರುಮಾಡಿದ್ದು ಸೈಕಲ್ ಅಂಗಡಿ. ಅಲ್ಲಿಂದ ಕಬ್ಬಿಣದ ನೇಗಿಲು, ಆಮೇಲೆ 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಇಚಲಕರಂಜಿಗೆ 1904ರಲ್ಲಿ ವಿದ್ಯುತ್ ಮಗ್ಗ ಬಂತು. ಮಗ್ಗ ಬಂದಲ್ಲಿ ಮಗ್ಗ ರಿಪೇರಿ ಮಾಡುವವರೂ ಬೇಕಾದರು. ಕೊಲ್ಹಾಪುರದ ಫೌಂಡ್ರಿಗಳಲ್ಲಿ ಹೊಲಕ್ಕೆ ನೀರೆತ್ತುವ ಆಯಿಲ್ ಎಂಜಿನ್ ತಯಾರಾಗುತ್ತಿದ್ದವು. ಎಂಜಿನ್ ಬಿಚ್ಚಿ ಮತ್ತೆ ಜೋಡಿಸಬಲ್ಲ ಕೈಗಳು ಹಳ್ಳಿಹಳ್ಳಿಯಲ್ಲಿ ಇದ್ದವು. ವಡಾಪ್ ಅಂತ ನಾವು ಕರೆಯುವ ಶೇರಿಂಗ್ ಜೀಪುಗಳು, ಟ್ರ್ಯಾಕ್ಸ್‌ಗಳು ಬಸ್ಸಿಲ್ಲದ ಊರುಗಳಿಗೆ ಓಡಿದ್ದು ಈ ಕೈಗಳ ಬಲದಿಂದ.

ಬೆಂಗಳೂರನ್ನೂ ಇಲ್ಲಿ ನೆನೆಯಬೇಕು. 1951ರಲ್ಲಿ ಶುರುವಾದ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ತಯಾರಿಸಿತು. ಪೂರ್ತಿ ಯಾಂತ್ರಿಕವಾದ ಡೀಸೆಲ್ ಪಂಪು ಕೆಟ್ಟರೆ ಬಿಚ್ಚಿ, ಅಳೆದು, ಸರಿಮಾಡುವ ಅಂಗಡಿಗಳು ತಾಲೂಕು ಊರುಗಳಲ್ಲೂ ಹುಟ್ಟಿಕೊಂಡವು. ಮೈಕೋದ ಮೂಲ ಕಂಪನಿ ಜರ್ಮನಿಯ ಬಾಷ್. ಗಾಡಿಯೊಳಗಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಲು ಬಳಸುವ ಕ್ಯಾನ್ ಎಂಬ ಸಂವಹನ ವ್ಯವಸ್ಥೆಯನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿದ್ದೂ ಅದೇ ಬಾಷ್. ಕಿವಿಯ ಕಾಲಕ್ಕೂ ಕಂಪ್ಯೂಟರ್ ಕಾಲಕ್ಕೂ ಒಂದೇ ಕಂಪನಿಯ ಹೆಸರು ಕೊಂಡಿಯಾಗಿದೆ ನೋಡಿ.

ಮಿಣುಕುವ ದೀಪದ ಕಾಲ

ಗಾಡಿಯೊಳಗೆ ದೋಷ ಹೇಳುವ ವ್ಯವಸ್ಥೆ ಯಾಕೆ ಬಂತು? ಮಾಲೀಕನಿಗೆ ಅನುಕೂಲ ಆಗಲಿ ಅಂತ ಅಲ್ಲ. ಗಾಳಿಗಾಗಿ ಬಂತು. ಲಾಸ್ ಏಂಜಲೀಸ್ ನಗರದ ಹೊಗೆಮಂಜಿಗೆ ವಾಹನಗಳ ಹೊಗೆ ದೊಡ್ಡ ಕಾರಣ ಅಂತ 1950ರ ದಶಕದಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯಾ ಸರಕಾರ 1967ರಲ್ಲಿ ವಾಯು ಸಂಪನ್ಮೂಲ ಮಂಡಳಿ ಸ್ಥಾಪಿಸಿತು. ಹೊಗೆ ಕಡಿಮೆ ಮಾಡಬೇಕಾದರೆ ಎಂಜಿನ್ನಿಗೆ ಇಂಧನವನ್ನು ನಿಖರವಾಗಿ ಅಳೆದು ಕೊಡಬೇಕು, ಅದಕ್ಕೆ ಎಲೆಕ್ಟ್ರಾನಿಕ್ ನಿಯಂತ್ರಣ ಬೇಕು. ಜನರಲ್ ಮೋಟಾರ್ಸ್ 1981ರ ಹೊತ್ತಿಗೆ ಅಮೆರಿಕದ ತನ್ನ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಅಳವಡಿಸಿತ್ತು.

ಆ ಕಾಲದ ಒಂದು ಸ್ವಾರಸ್ಯ ಇದೆ. ಜನರಲ್ ಮೋಟಾರ್ಸ್ ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿದ್ದ ಕನೆಕ್ಟರಿನಲ್ಲಿ ಎರಡು ತೂತುಗಳನ್ನು ಒಂದು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ ಕೀ ತಿರುಗಿಸಿದರೆ, ಚೆಕ್ ಎಂಜಿನ್ ದೀಪ ಮಿಣುಕಿ ಮಿಣುಕಿ ಕೋಡ್ ಹೇಳುತ್ತಿತ್ತು. ಒಂದು ಸಲ ಮಿಣುಕಿ, ನಿಂತು, ಎರಡು ಸಲ ಮಿಣುಕಿದರೆ 12. ಟೊಯೋಟಾ, ಹೋಂಡಾ, ಸುಜುಕಿ ಗಾಡಿಗಳಲ್ಲೂ ಇಂಥದ್ದೇ ಉಪಾಯ ಇತ್ತು. ಅಂದರೆ ಮಾಹಿತಿ ಓದಲು ಕಂಪ್ಯೂಟರ್ ಬೇಡ, ಪರವಾನಗಿ ಬೇಡ, ಎಣಿಸಲು ಬಂದರೆ ಸಾಕು. ಮಾಲೀಕನ ಪ್ರವೇಶದ ದೃಷ್ಟಿಯಿಂದ ನೋಡಿದರೆ ಇದು ಸಾಕಷ್ಟು ಉದಾರವಾದ ಕಾಲ. ಕೊರತೆ ಏನಂದರೆ ಪ್ರತಿ ಕಂಪನಿಗೆ ಅದರದೇ ಕೋಡ್, ಅದರದೇ ಕನೆಕ್ಟರ್, ಮತ್ತು ಹೇಳಬಹುದಾದ ಸಂಗತಿಗಳೂ ಕಡಿಮೆ.

16 ಪಿನ್ನಿನ ಕಿಂಡಿ

ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಮೊದಲ ಹಂತದ ಆನ್ ಬೋರ್ಡ್ ಡಯಾಗ್ನೋಸ್ಟಿಕ್ಸ್, ಅಂದರೆ ಓಬಿಡಿ, ಕಡ್ಡಾಯ ಮಾಡಿತು. 1990ರ ಸ್ವಚ್ಛ ವಾಯು ಕಾಯ್ದೆಯ ತಿದ್ದುಪಡಿ ಬಂದ ಮೇಲೆ, 1996ರ ಮಾದರಿಗಳಿಂದ ಇಡೀ ಅಮೆರಿಕದ ಕಾರುಗಳಿಗೆ ಓಬಿಡಿ-2 ಕಡ್ಡಾಯವಾಯಿತು. ಎಲ್ಲ ಕಂಪನಿಗೂ ಒಂದೇ ಆಕಾರದ 16 ಪಿನ್ನಿನ ಕನೆಕ್ಟರ್, ಚಾಲಕನ ಸೀಟಿನಿಂದ ಕೈಗೆಟಕುವ ಜಾಗದಲ್ಲಿ. ಕೋಡ್‌ಗೂ ಒಂದೇ ವ್ಯಾಕರಣ: ಪಿ ಅಂದರೆ ಎಂಜಿನ್ ಮತ್ತು ಗೇರ್ ಭಾಗ, ಬಿ ಅಂದರೆ ಬಾಡಿ, ಸಿ ಅಂದರೆ ಚಾಸಿ, ಯು ಅಂದರೆ ಒಳಗಿನ ಜಾಲ. ಯುರೋಪು ಪೆಟ್ರೋಲ್ ಕಾರುಗಳಿಗೆ 2001ರಿಂದ ಇದನ್ನು ಅನುಸರಿಸಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾನೂನು ಎಲ್ಲರಿಗೂ ಒಂದೇ ಅಂತ ಮಾಡಿದ್ದು ಹೊಗೆಗೆ ಸಂಬಂಧಿಸಿದ ಕೋಡ್‌ಗಳನ್ನು ಮಾತ್ರ. ಪಿ0 ಅಂತ ಶುರುವಾಗುವವು ಎಲ್ಲರಿಗೂ ಸಾಮಾನ್ಯ. ಪಿ1 ಅಂತ ಶುರುವಾಗುವವು ಕಂಪನಿಯ ಸ್ವಂತದ್ದು. ಬ್ರೇಕಿನ ಎಬಿಎಸ್, ಏರ್‌ಬ್ಯಾಗ್, ಕೀಲಿಯ ಇಮ್ಮೊಬಿಲೈಸರ್, ಇವುಗಳ ಒಳಗುಟ್ಟು ಕಂಪನಿಯ ಕೈಯಲ್ಲೇ ಉಳಿಯಿತು. ಕೋಡ್ ಓದುವುದಷ್ಟೇ ಅಲ್ಲ, ಹೊಸ ಭಾಗವನ್ನು ಗಾಡಿಗೆ ಪರಿಚಯಿಸಲು ಕೂಡ ಕಂಪನಿಯ ಸಾಫ್ಟ್‌ವೇರ್ ಬೇಕಾಯಿತು. ಗೋಡೆಯಲ್ಲಿ ಒಂದು ಕಿಂಡಿ ಕೊರೆದರು, ಆದರೆ ಮನೆಯ ಒಂದು ಕೋಣೆ ಮಾತ್ರ ಅದರಿಂದ ಕಾಣುತ್ತಿತ್ತು.

ಉಳಿದ ಕೋಣೆಗಳಿಗಾಗಿ ನಡೆದ ಹೋರಾಟವೇ ದುರಸ್ತಿಯ ಹಕ್ಕಿನ ಹೋರಾಟ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರ ನವೆಂಬರಿನಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಗೆ ಹೋಯಿತು. ಶೇಕಡಾ 85ಕ್ಕಿಂತ ಹೆಚ್ಚು ಮತ ಪರವಾಗಿ ಬಂತು. ಡೀಲರಿಗೆ ಕೊಡುವ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜಿಗೂ ಮಾಲೀಕನಿಗೂ ನ್ಯಾಯವಾದ ಬೆಲೆಗೆ ಕೊಡಬೇಕು ಅಂತ ಅದರ ತಿರುಳು. 2014ರ ಜನವರಿಯಲ್ಲಿ ಕಾರು ಕಂಪನಿಗಳು ಇಡೀ ದೇಶಕ್ಕೆ ಅನ್ವಯಿಸುವ ಒಪ್ಪಂದಕ್ಕೆ ಬಂದವು. ಅಷ್ಟರಲ್ಲಿ ಮಾಹಿತಿ ಕಿಂಡಿಯ ಬದಲು ಮೊಬೈಲ್ ಜಾಲದ ಮೂಲಕ ನೇರ ಕಂಪನಿಯ ಸರ್ವರಿಗೆ ಹೋಗಲು ಶುರುವಾಗಿತ್ತು. 2020ರಲ್ಲಿ ಅದೇ ರಾಜ್ಯದ ಜನ ಆ ಮಾಹಿತಿಯೂ ಮಾಲೀಕನಿಗೆ ಸಿಗಬೇಕು ಅಂತ ಸುಮಾರು ಶೇಕಡಾ 75ರಷ್ಟು ಮತ ಹಾಕಿದರು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು.

ನಮ್ಮ ದೇಶಕ್ಕೆ ಬಂದ ಬಗೆ

ಈಗ ನಮ್ಮ ಕಡೆಗೆ ಬರೋಣ. ಮಾರುತಿ 800ರ ಮೊದಲ ಕೀಲಿ ಗ್ರಾಹಕರ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ಅದು ಕಾರ್ಬ್ಯುರೇಟರ್ ಗಾಡಿ, ಕಿವಿಯ ಕಾಲದ್ದೇ. ದೆಹಲಿಯ ಗಾಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರ ಏಪ್ರಿಲಿನಲ್ಲಿ ಆದೇಶ ಕೊಟ್ಟಿತು: ರಾಜಧಾನಿ ಪ್ರದೇಶದಲ್ಲಿ ನೋಂದಣಿಯಾಗುವ ಖಾಸಗಿ ವಾಹನಗಳು 2000ದ ಏಪ್ರಿಲಿನಿಂದ ಯುರೋ 2 ಮಟ್ಟ ಮುಟ್ಟಬೇಕು. ಕಾರ್ಬ್ಯುರೇಟರ್ ಹಿಂದೆ ಸರಿದು ಎಂಪಿಎಫ್‌ಐ ಮುಂದೆ ಬಂದದ್ದು ಈ ಒತ್ತಡದಲ್ಲಿ. ಅಲ್ಲೂ ಕಾರಣ ಗಾಳಿಯೇ, ಮಾಲೀಕನಲ್ಲ.

2010ರ ಏಪ್ರಿಲಿನಲ್ಲಿ 13 ನಗರ ಪ್ರದೇಶಗಳಿಗೆ ಭಾರತ್ ಸ್ಟೇಜ್ 4 ಬಂತು, ಅದರ ಜೊತೆ ಓಬಿಡಿಯ ಮೊದಲ ಹಂತ. ಎರಡನೇ ಹಂತ 2013ರಿಂದ. ಆ 13ರ ಪಟ್ಟಿಯಲ್ಲಿ ಬೆಂಗಳೂರು, ಪುಣೆ ಇದ್ದವು. ನಮ್ಮ ಇನ್ನೊಂದು ಗಡಿ ಊರು ಸೊಲ್ಲಾಪುರವೂ ಇತ್ತು. ಕೊಲ್ಹಾಪುರ ಇರಲಿಲ್ಲ. ಕಾಗದದ ಮೇಲೆ ನೋಡಿದರೆ, ಆ ವರ್ಷ ಸೊಲ್ಲಾಪುರದಲ್ಲಿ ನೋಂದಣಿಯಾದ ಹೊಸ ಕಾರಿಗೆ ತನ್ನ ದೋಷ ತಾನೇ ದಾಖಲಿಸುವುದು ಕಡ್ಡಾಯ, ಗಡಹಿಂಗ್ಲಜದ ಕಾರಿಗೆ ಇಲ್ಲ. 2017ರ ಏಪ್ರಿಲ್ 1ಕ್ಕೆ ಬಿಎಸ್ 4 ಇಡೀ ದೇಶಕ್ಕೆ ವಿಸ್ತರಿಸಿತು. 5ನ್ನು ಬಿಟ್ಟು ನೇರ ಬಿಎಸ್ 6ಕ್ಕೆ ಜಿಗಿದದ್ದು 2020ರ ಏಪ್ರಿಲ್ 1ರಂದು. ಆಗ ಬೈಕು, ಸ್ಕೂಟರುಗಳಿಗೂ ಓಬಿಡಿ ಬಂತು. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಮಾನಕ 2023ರ ಜನವರಿಯಿಂದ. ಹೀಗೆ ಹದಿಮೂರು ವರ್ಷದಲ್ಲಿ ದೊಡ್ಡ ನಗರದ ಕಾರಿನಿಂದ ಹಿಡಿದು ಕಬ್ಬಿನ ಟ್ರ್ಯಾಕ್ಟರಿನ ತನಕ ಎಲೆಕ್ಟ್ರಾನಿಕ್ ನಿಯಂತ್ರಣ ಬಂದು ಕೂತಿತು.

ಆದರೆ ಹಳ್ಳಿಯ ಫಿಟರಿಗೆ ಇದರಿಂದ ಏನಾಯಿತು? ಬಿಎಸ್ 6 ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ದೂರ ಓಡಿದರೆ ಅದು ಬಿಸಿಯಾಗಿ ಮಸಿಯನ್ನು ತಾನೇ ಸುಡುತ್ತದೆ. ಊರಿಂದ ಹೊಲಕ್ಕೆ, ಹೊಲದಿಂದ ಸಂತೆಗೆ, ಹೀಗೆ ಸಣ್ಣಸಣ್ಣ ಓಡಾಟ ಮಾಡಿದರೆ ಮಸಿ ತುಂಬಿ ಗಾಡಿ ಬಲ ಕಳೆದುಕೊಳ್ಳುತ್ತದೆ. ಆಗ ಗಾಡಿ ನಿಂತಲ್ಲೇ ಮಸಿ ಸುಡುವಂತೆ ಎಂಜಿನ್ ಕಂಪ್ಯೂಟರಿಗೆ ಆಜ್ಞೆ ಕೊಡಬೇಕು. ಕೆಲವು ನೂರು ರೂಪಾಯಿಯ ಸಾಧನಕ್ಕೆ ಆ ಆಜ್ಞೆ ಕೊಡಲು ಬರುವುದಿಲ್ಲ. ಹಲವು ಗಾಡಿಗಳಲ್ಲಿ ಅದಕ್ಕೆ ಮೊದಲು ಒಂದು ಗುಪ್ತ ಕೀಲಿಸಂಖ್ಯೆ ಕೇಳುತ್ತದೆ. ಕಾಕಾ ಕೈಚೆಲ್ಲಿದ್ದು ಇಂಥ ಗಾಡಿಯ ಮುಂದೆ. ಯಂತ್ರ ಅವರಿಗೆ ಅರ್ಥವಾಗಿತ್ತು. ರೋಗ ಏನೆಂದೂ ಗೊತ್ತಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

ಸ್ಪರ್ಧಾ ಆಯೋಗದ ಆದೇಶ

ಭಾರತದಲ್ಲಿ ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿಕೊಂಡದ್ದು ಮೋಟಾರು ವಾಹನ ಕಾನೂನು ಅಲ್ಲ, ಸ್ಪರ್ಧಾ ಕಾನೂನು. 2011ರ 3ನೇ ಸಂಖ್ಯೆಯ ಪ್ರಕರಣ, ಶಮ್ಶೇರ್ ಕಟಾರಿಯಾ ವಿರುದ್ಧ ಹೋಂಡಾ ಸಿಯೆಲ್ ಮತ್ತು ಇತರರು. ಬಿಡಿಭಾಗ, ದೋಷ ಪತ್ತೆ ಸಾಧನ, ತಾಂತ್ರಿಕ ಕೈಪಿಡಿ ಇವನ್ನೆಲ್ಲ ಕಂಪನಿಗಳು ತಮ್ಮ ಅಧಿಕೃತ ಡೀಲರುಗಳಿಗಷ್ಟೇ ಕೊಡುತ್ತವೆ, ಹೊರಗಿನ ಗ್ಯಾರೇಜಿಗೆ ಕೊಡುವುದಿಲ್ಲ ಎಂಬುದು ದೂರು. ಮೂರು ಕಂಪನಿಗಳ ಮೇಲೆ ಶುರುವಾದದ್ದು ತನಿಖೆಯಲ್ಲಿ ಬೆಳೆಯಿತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಟಾಟಾ ಮೋಟಾರ್ಸ್‌ಗೆ 1,346.46 ಕೋಟಿ, ಮಾರುತಿ ಸುಜುಕಿಗೆ 471.14 ಕೋಟಿ, ಮಹೀಂದ್ರಾಗೆ 292.25 ಕೋಟಿ.

ದಂಡಕ್ಕಿಂತ ಆಯೋಗದ ತರ್ಕ ಮುಖ್ಯ. ಕಂಪನಿಗಳ ವಾದ ಹೀಗಿತ್ತು: ಮಾರುಕಟ್ಟೆಯಲ್ಲಿ ಎಷ್ಟೋ ಕಾರುಗಳಿವೆ, ಗ್ರಾಹಕ ಕೊಳ್ಳುವಾಗಲೇ ರಿಪೇರಿಯ ಖರ್ಚನ್ನೂ ಲೆಕ್ಕ ಹಾಕಬಹುದು. ಆಯೋಗ ಇದನ್ನು ಒಪ್ಪಲಿಲ್ಲ. ಒಂದು ಸಲ ಕಾರು ಕೊಂಡ ಮೇಲೆ ಆ ಬ್ರ್ಯಾಂಡಿನ ಬಿಡಿಭಾಗ, ಆ ಬ್ರ್ಯಾಂಡಿನ ದುರಸ್ತಿ ಇವೇ ಅವನಿಗೆ ಮಾರುಕಟ್ಟೆ. ಅಲ್ಲಿ ಅವನು ಸಿಕ್ಕಿಕೊಂಡಿದ್ದಾನೆ, ಆ ಸಣ್ಣ ಮಾರುಕಟ್ಟೆಗೆ ಆಯಾ ಕಂಪನಿಯೇ ಒಡೆಯ ಅಂತ ಹೇಳಿತು. ಬಿಡಿಭಾಗವನ್ನೂ ದೋಷ ಪತ್ತೆ ಸಾಧನವನ್ನೂ ಸುಲಭವಾಗಿ ಸಿಗುವಂತೆ ಮಾಡಬೇಕು, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನುವಂತಿಲ್ಲ ಎಂದು ನಿರ್ದೇಶಿಸಿತು.

ಮುಂದಿನ ಕಥೆ ನಮ್ಮ ನ್ಯಾಯಾಲಯಗಳ ಕಥೆಯೇ. ಕೆಲವು ಕಂಪನಿಗಳು ಮೇಲ್ಮನವಿ ನ್ಯಾಯಮಂಡಳಿಗೆ, ಕೆಲವು ದೆಹಲಿ ಮತ್ತು ಮದರಾಸು ಹೈಕೋರ್ಟುಗಳಿಗೆ ಹೋದವು. 2016ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ತನ್ನ ಮುಂದಿದ್ದ ಕಂಪನಿಗಳ ವಿಷಯದಲ್ಲಿ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಬಿಡಿಭಾಗಗಳ ವಹಿವಾಟಿಗೆ ಇಳಿಸಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಇದಕ್ಕಾಗಿ ಒಂದು ಪೋರ್ಟಲ್ ಶುರುವಾಯಿತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು, ಕೃಷಿ ಯಂತ್ರವೂ ಒಂದು. ಪೋರ್ಟಲ್ಲಿನಲ್ಲಿ ಮಾಹಿತಿ ಹಾಕುವುದು ಬೇರೆ, ಕೊಡಲೇಬೇಕು ಎಂಬ ಕಾಯ್ದೆ ಬೇರೆ.

ಬೀಗದ ಪರವಾದ ಮಾತು

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಇಡಬೇಕು. 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಲಸೆಕ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿ ಗಾಡಿಯನ್ನು ದೂರದಿಂದಲೇ ಇಂಟರ್ನೆಟ್ ಮೂಲಕ ಹತೋಟಿಗೆ ತೆಗೆದುಕೊಂಡು ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅದಾದ ಮೇಲೆ ಆ ಕಂಪನಿ ತನ್ನ ಹೊಸ ಗಾಡಿಗಳ ಓಬಿಡಿ ಕಿಂಡಿಯ ಹಿಂದೆ ಒಂದು ಕಾವಲು ಕಂಪ್ಯೂಟರ್ ಕೂರಿಸಿತು. ನೋಂದಣಿ ಇಲ್ಲದವರಿಗೆ ಓದಲು ಅಷ್ಟಿಷ್ಟು ಬಿಟ್ಟು, ಬೇರೇನೂ ಮಾಡಲು ಬಾರದಂತಾಯಿತು.

ಭಯ ನಿಜವಾದದ್ದು. ಆದರೆ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದು ಬೇರೆ ಪ್ರಶ್ನೆ. ಮನೆಗೆ ಕಳ್ಳರ ಭಯ ಇದೆ ಅಂತ ಬೀಗ ಹಾಕಿ, ಕೈಯನ್ನು ಮನೆ ಕಟ್ಟಿದ ಕಂತ್ರಾಟುದಾರ ಇಟ್ಟುಕೊಂಡರೆ ಒಪ್ಪುತ್ತೇವೆಯೇ? ಯುರೋಪಿನ ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ಬಂತು. 2023ರ ಅಕ್ಟೋಬರ್ 5ರ ತೀರ್ಪಿನಲ್ಲಿ, ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ಹಾಕಿ ಸ್ವತಂತ್ರ ದುರಸ್ತಿಗಾರರಿಗೆ ಓಬಿಡಿ ಮಾಹಿತಿ ತಡೆಯುವಂತಿಲ್ಲ ಎಂದು ಅದು ಹೇಳಿತು. ಸೈಬರ್ ಭದ್ರತೆಯ ಹೆಸರಿನಲ್ಲೂ ಹಾಗೆ ಮಾಡುವಂತಿಲ್ಲ.

ಭಾಷೆಯ ಮಾತು

ಇನ್ನೊಂದು ಸಂಗತಿ, ನಮ್ಮ ಗಡಿಭಾಗಕ್ಕೆ ವಿಶೇಷವಾದದ್ದು. ಕಾಕಾನ ಗ್ಯಾರೇಜಿನಲ್ಲಿ ಎಣ್ಣೆ ಹತ್ತಿದ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾವ ಗಾಡಿಗೆ ಯಾವ ಕೋಡ್ ಬಂತು, ಕೊನೆಗೆ ಏನು ಸಿಕ್ಕಿತು ಅಂತ ಅವರೇ ಬರೆದಿಟ್ಟದ್ದು. ಪಿ0113ರ ಮುಂದೆ "ಹವಾ ಸೆನ್ಸರ್, ವಾಯರ್ ನೋಡೂದು, ಇಲಿ" ಅಂತ ಇದೆ. ಕೆಲವು ಸಾಲು ಕನ್ನಡ, ಕೆಲವು ಮರಾಠಿ, ಅಂಕಿಗಳು ಇಂಗ್ಲಿಷ್.

ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಅದು ಒಂದು ದಾಖಲೆ. ಕೋಡ್ ಅನ್ನುವುದು ರೋಗದ ಲಕ್ಷಣವೇ ಹೊರತು ರೋಗವಲ್ಲ. ಪಿ0420 ಅಂತ ಬಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಗಾಡಿಗೆ ಅನ್ನಿಸಿದೆ ಅಂತಷ್ಟೇ ಅರ್ಥ. ಕನ್ವರ್ಟರೇ ಹೋಗಿರಬಹುದು, ಆಕ್ಸಿಜನ್ ಸೆನ್ಸರ್ ಹೋಗಿರಬಹುದು, ಸೈಲೆನ್ಸರ್ ಪೈಪಿನಲ್ಲಿ ಸಣ್ಣ ತೂತು ಇರಬಹುದು. ಮೊದಲನೆಯದಾದರೆ ಖರ್ಚು ಸಾವಿರಾರು, ಮೂರನೆಯದಾದರೆ ವೆಲ್ಡಿಂಗ್ ಅಂಗಡಿಯಲ್ಲಿ ಮುಗಿಯುತ್ತದೆ. ಮಾಲೀಕನಿಗೆ ಕೋಡ್ ಗೊತ್ತಿದ್ದರೆ, "ಬೇರೆ ಎರಡು ನೋಡಿದ್ರೇನ್ರಿ?" ಅಂತ ಕೇಳಬಹುದು. ಗೊತ್ತಿಲ್ಲದಿದ್ದರೆ ಬಿಲ್ಲು ಕಟ್ಟಬೇಕು.

ಆ ಅರ್ಥವನ್ನು ಕನ್ನಡದಲ್ಲೋ ಮರಾಠಿಯಲ್ಲೋ ಹೇಳುವ ಕೈಪಿಡಿ ಗಾಡಿಯ ಜೊತೆ ಬರುವುದು ಅಪರೂಪ. ಹಾಗಾಗಿ ಮಾಹಿತಿಯ ಹಕ್ಕು ಅಂದಾಗ ಎರಡು ಬಾಗಿಲುಗಳಿವೆ: ಒಂದು ಬೀಗದ್ದು, ಇನ್ನೊಂದು ಭಾಷೆಯದ್ದು. ಮೊದಲನೆಯದಕ್ಕೆ ದೆಹಲಿಗೆ ಹೋಗಬೇಕು. ಎರಡನೆಯದನ್ನು ನಾವೇ ತೆರೆಯಬಹುದು. ಸಾಮಾನ್ಯ ಕೋಡ್‌ಗಳಲ್ಲಿ ನಮ್ಮ ಕಡೆ ಪದೇಪದೇ ಬರುವಂಥವನ್ನು ಆರಿಸಿ, ಕಾಕಾನ ನೋಟ್‌ಬುಕ್ಕಿನಂತೆ ನೇರ ಮಾತಿನಲ್ಲಿ, ಎರಡೂ ಭಾಷೆಯಲ್ಲಿ ಒಂದು ಗೋಡೆಪಟ ಮಾಡುವುದು ಕಷ್ಟದ ಕೆಲಸವಲ್ಲ. ಐಟಿಐಗಳು ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ.

ಉಪಸಂಹಾರ

ಒಟ್ಟು ಹೇಳಿದ್ದನ್ನು ಕೂಡಿಸಿದರೆ ಹೀಗೆ ಕಾಣುತ್ತದೆ. ಕಿವಿಯ ಕಾಲದಲ್ಲಿ ಮಾಹಿತಿ ಬಯಲಲ್ಲಿತ್ತು, ಓದುವ ವಿದ್ಯೆ ಬೇಕಿತ್ತು. ಮಿಣುಕುವ ದೀಪದ ಕಾಲದಲ್ಲಿ ಮಾಹಿತಿ ಒಳಗೆ ಹೋಯಿತು, ಆದರೆ ಕೇಳಿದವರಿಗೆ ಹೇಳುತ್ತಿತ್ತು. 16 ಪಿನ್ನಿನ ಕಾಲದಲ್ಲಿ ಕಾನೂನಿನ ಬಲದಿಂದ ಅರ್ಧ ಬಯಲಾಯಿತು, ಅರ್ಧಕ್ಕೆ ಬೀಗ ಬಿತ್ತು. ಈಗ ಅದು ಗಾಡಿಯನ್ನೇ ಬಿಟ್ಟು ದೂರದ ಸರ್ವರಿಗೆ ಹೊರಟಿದೆ. ಪ್ರತಿ ಸಲವೂ ಸರಕಾರ ಕಿಂಡಿ ಕೊರೆಸಿದ್ದು ಗಾಳಿಗಾಗಿ. ಮಾಲೀಕನಿಗೆ ಸಿಕ್ಕಿದ್ದು ಅದರ ಪಕ್ಕದ ಲಾಭ. ಅವನಿಗಾಗಿಯೇ ಅಂತ ಸಿಕ್ಕಿದ್ದೆಲ್ಲ ಯಾರೋ ದೂರು ಕೊಟ್ಟು, ಮತ ಹಾಕಿ, ಮೊಕದ್ದಮೆ ನಡೆಸಿ ಸಿಕ್ಕಿದ್ದು.

ಬೀಗ ಹೀಗೇ ಬಿಗಿಯಾಗುತ್ತ ಹೋದರೆ ಮೊದಲು ಮುಚ್ಚುವುದು ಮಹಾಗಾಂವದಂಥ ಊರಿನ ಗ್ಯಾರೇಜು. ಅದು ಮುಚ್ಚಿದರೆ ಕಬ್ಬಿನ ಹಂಗಾಮಿನಲ್ಲಿ ನಿಂತ ಪಿಕಪ್ಪು ಎರಡು ದಿನ ನಿಲ್ಲುತ್ತದೆ. ಎರಡು ದಿನದ ಬಾಡಿಗೆ ಹೋದರೆ ಆ ಹುಡುಗನ ತಿಂಗಳ ಕಂತು ತಪ್ಪುತ್ತದೆ. ನಾನು ಹೇಳುತ್ತಿರುವ ಚರಿತ್ರೆ ಅಷ್ಟು ಹತ್ತಿರದ್ದು.

ಚರ್ಚೆಯಿಂದ

ಪ್ರಶ್ನೆ: ಸರ್, ಎಲ್ಲರಿಗೂ ಒಳಗೆ ಹೋಗಲು ಬಿಟ್ಟರೆ ಕಿಲೋಮೀಟರ್ ಮೀಟರ್ ತಿದ್ದುವವರು, ಹೊಗೆ ಫಿಲ್ಟರ್ ಕಿತ್ತುಹಾಕಿ ಸಾಫ್ಟ್‌ವೇರ್ ಬದಲಿಸುವವರು ಜಾಸ್ತಿ ಆಗೋದಿಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಓದುವುದು ಬೇರೆ, ಬರೆಯುವುದು ಬೇರೆ. ಬ್ಯಾಂಕ್ ಪಾಸ್‌ಬುಕ್ ನೋಡುವ ಹಕ್ಕು ಖಾತೆದಾರನಿಗೆ ಇದೆ, ಅದರಲ್ಲಿ ತನಗೆ ಬೇಕಾದ ಅಂಕಿ ಬರೆದುಕೊಳ್ಳುವ ಹಕ್ಕು ಇಲ್ಲ. ದೋಷದ ಕೋಡ್, ಸೆನ್ಸರಿನ ಲೆಕ್ಕ, ಇವನ್ನು ಓದಲು ಯಾವ ತಡೆಯೂ ಇರಬಾರದು ಅನ್ನುವುದು ನನ್ನ ನಿಲುವು. ಡಿಪಿಎಫ್ ಸುಡುವುದು, ಹೊಸ ಭಾಗ ಪರಿಚಯಿಸುವುದು ಇಂಥ ದುರಸ್ತಿಯ ಆಜ್ಞೆಗಳನ್ನು ಹೆಸರು ನೋಂದಾಯಿಸಿದ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ ಕೊಡಬಹುದು. ಯಾರು ಮಾಡಿದರು ಅಂತ ದಾಖಲೆ ಉಳಿಯಲಿ. ಮೀಟರ್ ತಿದ್ದುವವರು ಬೀಗ ಇದ್ದಾಗಲೂ ತಿದ್ದುತ್ತಿದ್ದಾರೆ. ಬೀಗದಿಂದ ಹೊರಗೆ ಉಳಿದವರು ಪ್ರಾಮಾಣಿಕರು.

ಪ್ರಶ್ನೆ: ನಮ್ಮ ಊರಲ್ಲಿ ಬೈಕ್ ಫಿಟರುಗಳಿಗೂ ಇದೇ ತೊಂದರೆ ಐತ್ರಿ. ಕಾರಿನ ಸಾಧನ ಬೈಕಿಗೆ ಕೂಡೂದಿಲ್ಲ.

ಉತ್ತರ: ಹೌದ್ರಿ. ಹೊಸ ಬೈಕುಗಳಲ್ಲಿ ಬಹಳಷ್ಟಕ್ಕೆ 6 ಪಿನ್ನಿನ ಸಣ್ಣ ಕನೆಕ್ಟರ್, ಕಾರಿನದ್ದು 16. ನಡುವೆ ಒಂದು ಜೋಡಣೆಯ ವಾಯರ್ ಬೇಕು, ಸಾಫ್ಟ್‌ವೇರೂ ಹೊಂದಬೇಕು. ನಮ್ಮ ಹಳ್ಳಿಗಳಲ್ಲಿ ಕಾರಿಗಿಂತ ಬೈಕೇ ಹೆಚ್ಚು, ಹಾಗಾಗಿ ಈ ಚರಿತ್ರೆಯ ಮುಂದಿನ ಅಧ್ಯಾಯ ಬೈಕಿನದ್ದೇ ಇರುತ್ತದೆ. ನಿಮ್ಮಲ್ಲಿ ಫಿಟರುಗಳು ಬರೆದಿಟ್ಟ ನೋಟ್‌ಬುಕ್ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅದನ್ನು ಯಾರಾದರೂ ಓದಬೇಕಾದ ದಿನ ಬರುತ್ತದೆ.